ಕಾಗದದ ಎರಡೂ ಮಗ್ಗುಲು ನೋಡಿದವರು

ನಮ್ಮ ಸರ್ ಯಾವ ಕಾಗದವನ್ನೂ ಮೊದಲು ಓದುತ್ತಿರಲಿಲ್ಲ. ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮದುವೆಯ ಕಾರ್ಡಾಗಲಿ, ಔಷಧದ ಚೀಟಿಯಾಗಲಿ, ಕೈಗೆ ಬಂದ ಕೂಡಲೇ ಕಿಟಕಿಯ ಕಡೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿ, ಹಿಂಬದಿಯ ಅಕ್ಷರ ಎಷ್ಟು ಈಚೆಗೆ ಕಾಣುತ್ತದೆ ಎಂದು ನೋಡುವುದು. ಆಮೇಲೆ ಇಳಿಸಿ ಓದುವುದು. ಒಮ್ಮೆ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತಿದ್ದ ಮುದುಕ ಈ ಚಾಳಿಯನ್ನು ಬಹಳ ಹೊತ್ತು ನೋಡಿ, "ಏನ್ರಿ ಸಾಹೇಬ್ರ, ಖೋಟಾ ನೋಟ್ ಐತೇನ್ರಿ?" ಎಂದು ಕೇಳಿದ. ಅವರ ಕೈಯಲ್ಲಿದ್ದದ್ದು ಶೇಂಗಾ ಕಟ್ಟಿಕೊಟ್ಟಿದ್ದ ಯಾವುದೋ ಹಳೆಯ ಉತ್ತರ ಪತ್ರಿಕೆಯ ಹಾಳೆ. "ಇಲ್ರಿ ಅಜ್ಜಾರ, ಇಂವ ಎರಡೂ ಮಗ್ಗಲಾ ತಪ್ಪ ಬರದಾನ. ಅದನ್ನ ನೋಡಾಕತ್ತೇನಿ" ಎಂದರು.

ಅವರು ತೀರಿಕೊಂಡು ಐದು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕೋರ್ಟಿನ ಕಾಗದದಲ್ಲಿ ಬಂದ ಹೆಸರು ಅದು, ಅಷ್ಟೇ ಸಾಕು. ಆ ಸಂಗತಿ ನಡೆದ ಊರಿನ ಹೆಸರನ್ನೂ ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಒಂದರದು ಎಂದರೆ ಮುಗಿಯಿತು. ಉಳಿದದ್ದನ್ನು ನಾನು ಕಂಡಂತೆ, ಕೇಳಿದಂತೆ ಬರೆಯುತ್ತೇನೆ. ಸರಿಯಾಗಿ ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ. ಅದನ್ನು ಕಲಿಸಿದವರೂ ಅವರೇ.

ಡಿಪ್ಲೊಮಾದಲ್ಲಿ ಅವರು ನಮಗೆ ಸಿಗ್ನಲ್ ಪಾಠ ಹೇಳುತ್ತಿದ್ದರು. ಮೊದಲ ದಿನ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಇಬ್ಬರನ್ನು ಎಬ್ಬಿಸಿ, ಇಬ್ಬರ ಕೈಗೂ ಒಂದೊಂದು ದಿನಪತ್ರಿಕೆ ಕೊಟ್ಟು, ಒಟ್ಟಿಗೆ ಗಟ್ಟಿಯಾಗಿ ಓದಲು ಹೇಳಿದರು. ನಾವೆಲ್ಲ ಒಬ್ಬನು ಓದಿದ್ದನ್ನು ಮಾತ್ರ ಬರೆದುಕೊಳ್ಳಬೇಕು. ಹೇಗೋ ಬರೆದೆವು. "ಈಗ ಒಂದ ಕಿವಿ ಮುಚ್ಚಿಕೊಂಡು ಬರೀರಿ" ಎಂದರು. ಕಷ್ಟವಾಯಿತು. ಆಮೇಲೆ ಅವರು ಇಬ್ಬರ ದನಿಯನ್ನೂ ಒಂದೇ ಮೊಬೈಲಿನಲ್ಲಿ ಹಿಡಿದು, ಅದನ್ನು ಒಂದು ಚಿಕ್ಕ ಸ್ಪೀಕರಿನಿಂದ ಕೇಳಿಸಿ ಬರೆಯಿರಿ ಎಂದರು. ಯಾರಿಗೂ ನಾಲ್ಕು ಶಬ್ದದ ಮೇಲೆ ಆಗಲಿಲ್ಲ. "ಇಬ್ಬರು ಮಾತಾಡಿದ್ರ ಎರಡು ಕಿವಿ ಬೇಕು. ಎರಡಕ್ಕೂ ಬ್ಯಾರೆ ಬ್ಯಾರೆ ಕೇಳಿಸಬೇಕು. ಈ ವರ್ಷ ಇಷ್ಟ ಪಾಠ ಐತಿ" ಎಂದರು.

ಅವರ ಪರೀಕ್ಷೆಯಲ್ಲಿ ಒಂದು ಪದ್ಧತಿಯಿತ್ತು. ಉತ್ತರ ಬಾರದಿದ್ದರೆ "ಗೊತ್ತಿಲ್ಲ" ಎಂದು ಬರೆಯಬೇಕು. ಹಾಗೆ ಬರೆದವರಿಗೆ ಒಂದು ಮಾರ್ಕು. ತಿಳಿದವರ ಹಾಗೆ ಪುಟ ತುಂಬಿಸಿದವರಿಗೆ ಸೊನ್ನೆ. ಒಬ್ಬ ಹತ್ತು ಪ್ರಶ್ನೆಗೂ "ಗೊತ್ತಿಲ್ಲ" ಎಂದು ಬರೆದು ಹತ್ತು ಮಾರ್ಕು ಪಡೆದ. ಸರ್ ಅವನನ್ನು ಕರೆದು, "ನಿನ್ನಂಥ ಪ್ರಾಮಾಣಿಕನ್ನ ನಾ ನೋಡೇ ಇಲ್ಲಪಾ. ಮುಂದಿನ ವರ್ಷ ಮತ್ತ ಬಾ" ಎಂದರು.

ಕಾಲೇಜು ಮುಗಿಸಿ ಹಲವು ವರ್ಷಗಳ ಮೇಲೆ ನನಗೆ ಸಿಕ್ಕ ಕೆಲಸ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವುದು. ಗುತ್ತಿಗೆ ಹಿಡಿದ ಒಂದು ಕಂಪನಿಗೆ ನಾನು ಮೇಲ್ವಿಚಾರಕಿ. ನಾಲ್ಕು ತಾಲೂಕುಗಳ ರೆಕಾರ್ಡ್ ರೂಮುಗಳು ನನ್ನ ಪಾಲಿಗೆ ಬಂದಿದ್ದವು. ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ವಹಿಗಳ ಗಂಟುಗಳನ್ನು, ಅಂದರೆ ರುಮಾಲುಗಳನ್ನು ಬಿಚ್ಚುವುದು, ಧೂಳು ಒರೆಸುವುದು, ಹಾಳೆ ಹಾಸುವುದು, ಗುಂಡಿ ಒತ್ತುವುದು. ಬಹಳಷ್ಟು ವಹಿಗಳಲ್ಲಿ ಹಳೆಯ ಶಾಯಿ ಕಾಗದವನ್ನು ತಿಂದು ಆಚೆ ಬದಿಗೆ ಇಳಿದಿತ್ತು. ಮುಂದಿನ ಬರಹದ ಮೇಲೆ ಹಿಂದಿನ ಬರಹ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿರುತ್ತಿತ್ತು. ಓದಲು ಹೋದರೆ ಎರಡು ಜನ ಒಂದೇ ಬಾಯಿಯಿಂದ ಮಾತನಾಡಿದ ಹಾಗೆ.

ಇಂಡಿಯ ಕೆಲಸದಲ್ಲಿ ಇಂಥ ಒಂದು ಪುಟವನ್ನು ನಾನು ಸರ್ ಹತ್ತಿರ ಒಯ್ದೆ. ಆಗ ಅವರು ನಿವೃತ್ತರಾಗಿ ಇಂಡಿಯಲ್ಲೇ ಇದ್ದರು. ಪುಟದ ಎರಡೂ ಬದಿಯ ಚಿತ್ರ ನೋಡಿದ ಕೂಡಲೇ ಎದ್ದು ಲ್ಯಾಪ್‌ಟಾಪ್ ತಂದರು. ಮಾಡುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇದು:

"ಎರಡು ಚೀಲ ಅದಾವ ಅಂತ ತಿಳಕೊ. ಒಂದರಾಗ ಜ್ವಾಳ ಹೆಚ್ಚು, ಸಜ್ಜಿ ಕಡಿಮಿ. ಇನ್ನೊಂದರಾಗ ಸಜ್ಜಿ ಹೆಚ್ಚು, ಜ್ವಾಳ ಕಡಿಮಿ. ಎಷ್ಟು ಹೆಚ್ಚು, ಎಷ್ಟು ಕಡಿಮಿ ಅಂತ ಗೊತ್ತಾದ್ರ ಒಂದರಾಗಿಂದ ಇನ್ನೊಂದನ್ನ ಕಳದು ಎರಡೂ ಬ್ಯಾರೆ ಮಾಡಬಹುದು. ಈ ಪುಟದಾಗೂ ಹಂಗ. ಈ ಮಗ್ಗಲಾ ಮುಂದಿಂದು ಗಾಢ, ಹಿಂದಿಂದು ತಿಳಿ. ಆ ಮಗ್ಗಲಾ ಉಲ್ಟಾ."

"ಎಷ್ಟು ಕೂಡೇತಿ ಅನ್ನೂದು ಹ್ಯಾಂಗ ಗೊತ್ತಾಗ್ತೈತ್ರಿ ಸರ್?"

"ಮುಂದಿಂದು ಬರದಾಂವಗೂ ಹಿಂದಿಂದು ಬರದಾಂವಗೂ ಏನೂ ಸಂಬಂಧ ಇಲ್ಲ. ಇಬ್ಬರೂ ತಮ್ಮ ಪಾಡಿಗೆ ತಾವು ಬರದಾರ. ಇಷ್ಟ ಹೇಳಿಕೊಟ್ರ ಸಾಕು, ಕಂಪ್ಯೂಟರ್ ಪ್ರಮಾಣಾ ಹುಡಕ್ತೈತಿ. ಆದ್ರ ಎರಡೂ ಚೀಲ ಒಂದ ಥರ ಕೂಡಿದ್ರ ಮುಗೀತು. ದೇವರು ಬಂದ್ರೂ ಆಗೂದಿಲ್ಲ."

ಹೇಳುವಷ್ಟು ಸಲೀಸಾಗಿ ಆಗಲಿಲ್ಲ. ಹಳೆಯ ಹಾಳೆ ಸುಕ್ಕಾಗಿರುತ್ತದೆ, ಓರೆಯಾಗಿರುತ್ತದೆ. ಹಿಂದಿನ ಚಿತ್ರವನ್ನು ತಿರುಗಿಸಿ ಮುಂದಿನದರ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಬೇಕು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಅವರ ಹೆಂಡತಿ, ನಾಲತವಾಡದವರು, ನನಗೆ ರೊಟ್ಟಿ ಬಡಿಸುತ್ತ ಹೇಳಿದರು: "ನೋಡವಾ, ಕಾಗದದ ಹಿಂದ ಇದ್ದದ್ದೆಲ್ಲಾ ಇವರಿಗೆ ಕಾಣ್ತೈತಿ. ಮೂಗಿನ ಮುಂದ ಇಟ್ಟ ಕಾಯಿಪಲ್ಲೆ ಚೀಲ ಕಾಣೂದಿಲ್ಲ."

"ಚೀಲದಾಗ ಏನೇನ ಕೂಡೇತಿ ಅಂತ ಮೊದಲ ಹೇಳಬೇಕಪಾ" ಎಂದರು ಸರ್.

"ಬದನಿಕಾಯಿ ಕೂಡೇತ್ರಿ. ತಗೊಂಡ ಬರ್ರಿ."

ಒಂಬತ್ತನೆಯ ದಿನ ಒಂದು ಚಿತ್ರ ಎರಡಾಯಿತು. ಮುಂಬದಿಯಲ್ಲಿ ಊರಿನ ಬಾವಿಗಳ ಪಟ್ಟಿ, ಹಿಂಬದಿಯಲ್ಲಿ ಕಾವಲು ಕಾಯುತ್ತಿದ್ದವರ ಹೆಸರುಗಳು. ನಡುವೆ ಒಂದು ಗೀರೂ ಉಳಿದಿರಲಿಲ್ಲ. ನಾನು ಕೂಗಿಬಿಟ್ಟೆ. ಸರ್ ಸುಮ್ಮನೆ ಕನ್ನಡಕ ತೆಗೆದು, "ಇಬ್ಬರೂ ಸಿಕ್ಕರು" ಎಂದರು. ಆಮೇಲೆ ಕನ್ನಡಕ ಹಾಕಿಕೊಳ್ಳುತ್ತ ಕೇಳಿದರು: "ಉಳಿದ ತಾಲೂಕಿನ್ಯಾವೂ ಹಿಂಗ ಬೂದು ಬಣ್ಣದಾಗ ತಗೊಂಡೀರಿಲ್ಲ?"

"ಹೌದ್ರಿ ಸರ್" ಎಂದೆ.

ಅದು ನಿಜವಲ್ಲ. ಒಂದು ತಾಲೂಕಿನದನ್ನು ಹಾಗೆ ತೆಗೆದಿರಲಿಲ್ಲ. ಮೊಟ್ಟಮೊದಲು ಮಾಡಿದ ತಾಲೂಕು ಅದು. ಅಲ್ಲಿ ಇಂಟರ್‌ನೆಟ್ ನಿಧಾನ, ಚಿತ್ರಗಳು ಭಾರ, ದಿನಕ್ಕೆ ಇಷ್ಟು ಪುಟ ಹೋಗಬೇಕು ಎಂಬ ಒತ್ತಡ. ಬರೀ ಕಪ್ಪು-ಬಿಳುಪಿನಲ್ಲಿ ತೆಗೆಯಿರಿ, ಹಗುರಾಗುತ್ತದೆ ಎಂದು ಕಂಪನಿಯಿಂದ ಮೊಬೈಲಿಗೆ ಸಂದೇಶ ಬಂತು. ಯಂತ್ರದಲ್ಲಿ ಕಪ್ಪು-ಬಿಳುಪು ಎಂಬಲ್ಲಿ ಗುರುತು ಹಾಕಿದವಳು ನಾನು. ಹಾಗೆ ತೆಗೆದರೆ ಯಂತ್ರ ಪ್ರತಿ ಚುಕ್ಕೆಗೂ ಒಂದೇ ಪ್ರಶ್ನೆ ಕೇಳುತ್ತದೆ: ಶಾಯಿ ಇದೆಯೋ, ಇಲ್ಲವೋ. ಗಾಢವೋ ತಿಳಿಯೋ ಎಂದು ಕೇಳುವುದಿಲ್ಲ. ಮಾಸಿದ ಅಕ್ಷರ ಎದ್ದು ಕಾಣಲಿ ಎಂದು ನಾನು ಕಪ್ಪನ್ನು ಇನ್ನಷ್ಟು ಏರಿಸಿದೆ ಕೂಡ. ಎರಡೂ ಬರಹ ಒಂದೇ ಕಪ್ಪಾದವು. ಎರಡೂ ಚೀಲ ಒಂದೇ ಥರ.

ಇಷ್ಟೆಲ್ಲ ಆ ದಿನ ಸರ್ ಮನೆಯಲ್ಲಿ ಕುಳಿತಾಗಲೇ ನನಗೆ ತಿಳಿಯಿತು. ಬೇರೆ ಮೂರು ತಾಲೂಕುಗಳಲ್ಲಿ ಓದಲು ಆಗುವುದಿಲ್ಲ ಎಂದು ಆಕ್ಷೇಪಣೆ ಬಂದು ಬೂದು ಬಣ್ಣಕ್ಕೆ ಬದಲಾಯಿಸಿದ್ದೆವು. ಮೊದಲಿನದನ್ನು ಮತ್ತೆ ತೆಗೆಯಬೇಕು ಎಂದರೆ ಕಂಪನಿಗೆ ಹೇಳಬೇಕು, ಏಕೆ ಎಂದು ಅವರು ಕೇಳುತ್ತಾರೆ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಆಗ ಆ ವಹಿಗಳು ಇನ್ನೂ ಇದ್ದವು. ನಾಲ್ಕು ತಿಂಗಳ ಮೇಲೆ ಅಲ್ಲಿನ ರೆಕಾರ್ಡ್ ರೂಮಿನ ಮಾಳಿಗೆ ಸೋರಿ, ಗೆದ್ದಲು ಹಿಡಿದ ರುಮಾಲುಗಳನ್ನು ನಿರುಪಯುಕ್ತ ಎಂದು ಪಟ್ಟಿ ಮಾಡಿ ವಿಲೇವಾರಿ ಮಾಡಿದರು. ಸ್ಕ್ಯಾನ್ ಪ್ರತಿ ಇದ್ದೇ ಇದೆಯಲ್ಲ ಎಂಬ ಧೈರ್ಯ. ಪ್ರತಿಗಳು ಓದಲು ಯೋಗ್ಯವಾಗಿವೆ ಎಂಬ ಪತ್ರದ ಕೆಳಗೆ ನನ್ನ ಸಹಿ ಇತ್ತು.

ಯಶೋದಕ್ಕ ಬಂದದ್ದು ಅದಾದ ಒಂದು ವರ್ಷಕ್ಕೆ. ಆ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು. ಬೌದ್ಧ ಮನೆತನ, ಅದೇ ಊರಿನಲ್ಲಿ ತಲೆತಲಾಂತರದಿಂದ ಇದ್ದವರು. ಅವರ ಕೇರಿಯವರು ಸತ್ತವರನ್ನು ಮಣ್ಣು ಮಾಡುತ್ತಿದ್ದ ಜಾಗಕ್ಕೆ ಪಕ್ಕದ ಹೊಲದವರು ತಂತಿ ಬೇಲಿ ಹಾಕಿ, ಇದು ನಮ್ಮದು ಎಂದು ಕೋರ್ಟಿಗೆ ಹೋಗಿದ್ದರು. ತೀರ್ಪು ಬರುವವರೆಗೆ ಅಲ್ಲಿ ಯಾರೂ ಹಾರೆ ಹಾಕುವಂತಿಲ್ಲ. ಕೇರಿಗೆ ಆ ಜಾಗ ಬಿಟ್ಟುಕೊಟ್ಟದ್ದು ಹಳೆಯ ವಹಿಯ ಒಂದೇ ಒಂದು ಪುಟದಲ್ಲಿ ದಾಖಲಾಗಿತ್ತು. ಜಿಲ್ಲಾ ಕಚೇರಿಯ ಪ್ರತಿ ಸಿಗಲಿಲ್ಲ. ಇದ್ದದ್ದು ನಾವು ಕೊಟ್ಟ ಚಿತ್ರ. ಅದರಲ್ಲಿ ಸರ್ವೆ ನಂಬರಿನ ಮೂರು ಅಂಕಿಗಳ ಮೇಲೆ ಹಿಂಬದಿಯ ಯಾವುದೋ ಹೆಸರು ತಿರುಗಿ ಬಂದು ಕೂತಿತ್ತು. ಕಚೇರಿಯಲ್ಲಿ ಯಾರೋ ನನ್ನನ್ನು ತೋರಿಸಿದರು. ನಾನು ಅವಳನ್ನು ಸರ್ ಹತ್ತಿರ ಕರೆದುಕೊಂಡು ಹೋದೆ. ಏನಾದರೂ ಆದೀತು ಎಂಬ ಆಸೆ ಇತ್ತೋ, ಅವರ ಮುಂದೆ ಹೇಳಿಬಿಡಬೇಕೆಂದಿತ್ತೋ, ಸರಿಯಾಗಿ ನೆನಪಿಲ್ಲ.

"ನಮ್ಮಪ್ಪ ಅಲ್ಲೇ ಅದಾನ್ರಿ ಸರ, ನಮ್ಮಜ್ಜ ಅಲ್ಲೇ ಅದಾನ" ಎಂದಳು ಯಶೋದಕ್ಕ. "ನಮ್ಮವ್ವಗ ಎಂಬತ್ತರ ಮ್ಯಾಲಾಗ್ಯಾವ, ಹಾಸಗಿ ಹಿಡದಾಳ. ದಿನಾ ಮುಂಜಾನೆದ್ದು ಒಂದ ಕೇಳ್ತಾಳ್ರಿ, ನನ್ನ ಎಲ್ಲಿ ಇಡ್ತೀರಿ ಅಂತ. ಅಪ್ಪನ ಬಾಜೂಕ ಇಡ್ತೇವಿ ಬೇ, ಸುಮ್ನಿರು ಅಂತೇನಿ. ಬೇಲಿ ಹಾಕಿದ್ದು ಅಕಿಗೆ ಹೇಳಿಲ್ರಿ."

ಸರ್ ಪ್ರಿಂಟನ್ನು ಬೆಳಕಿಗೆ ಹಿಡಿದರು. ಅದು ಹೊಸ ಬಿಳಿ ಹಾಳೆ. ಆಚೆ ಬದಿಯಲ್ಲಿ ಏನೂ ಇರಲಿಲ್ಲ. ಇಳಿಸಿ, "ಪ್ರಯತ್ನ ಮಾಡ್ತೇನವಾ. ಮಾತ ಕೊಡೂದಿಲ್ಲ" ಎಂದರು.

ಅವಳು ನೀರು ಕುಡಿಯಲು ಒಳಗೆ ಹೋದಾಗ ನನ್ನನ್ನು ಕೇಳಿದರು. "ಇದು ಬರೀ ಕಪ್ಪು-ಬಿಳುಪು ಐತಿ."

"ಹೌದ್ರಿ."

"ನೀನ ಮಾಡಿಸಿದ್ದು?"

"ನಾನ ರೀ."

"ಮೂಲ ವಹಿ?"

"ಹೋತ್ರಿ. ಹೋದ ವರ್ಷ ವಿಲೇವಾರಿ ಆತು."

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಬೆರಳು ಮಡಚಿ ತಿಂಗಳು ಎಣಿಸಿದ್ದನ್ನು ನಾನು ನೋಡಿದೆ. "ಅವತ್ತ ನಾ ಕೇಳಿದಾಗ ಆ ವಹಿ ಇತ್ತೋ ಇಲ್ಲೋ?"

"ಇತ್ರಿ ಸರ್."

ಅವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. "ಚಹಾ ಆರತೈತಿ, ಕುಡಿ" ಎಂದರು. ಆಮೇಲೆ ಬದುಕಿರುವವರೆಗೂ ಆ ಮಾತು ಎತ್ತಲಿಲ್ಲ.

ಮೂರು ತಿಂಗಳು ಅವರು ಆ ಪುಟದ ಮೇಲೆ ಕುಳಿತರು. ಲೆಕ್ಕದ ದಾರಿ ಮುಚ್ಚಿತ್ತು. ಎರಡೂ ಬದಿಯ ಚಿತ್ರಗಳು, ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಇಟ್ಟರೆ, ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಾಗಾಗಿ ಅವರು ಬರೆದವರ ಕೈ ಹಿಡಿದು ಹೊರಟರು. ಮುಂದಿನದನ್ನು ಬರೆದವನ ಅಕ್ಷರ ಬಲಕ್ಕೆ ವಾಲುತ್ತಿತ್ತು. ಹಿಂದಿನವನ ಲೇಖನಿ ದಪ್ಪ, ಅಡ್ಡ ಗೆರೆ ಎಳೆಯುವಾಗ ಕೊನೆಯಲ್ಲಿ ಒತ್ತುತ್ತಿದ್ದ. ಒಂದೊಂದು ಗೆರೆಯನ್ನೂ ಇದು ಇವನದು, ಇದು ಅವನದು ಎಂದು ಬೇರೆ ಇಡುತ್ತ ಹೋದರು. ಗೊತ್ತಾಗದ ಗೆರೆಗಳಿಗೆ ಕೆಂಪು ಬಣ್ಣ ಕೊಟ್ಟರು. ಕೊನೆಗೆ ಒಂದು ಸಂಜೆ ನನಗೆ ತೋರಿಸಿದರು. ಮೊದಲ ಅಂಕಿ ನಾಲ್ಕು, ಅದು ಖರೆ. ಉಳಿದ ಎರಡರ ಜಾಗ ಪೂರ್ತಿ ಕೆಂಪು.

ನಾಲ್ಕರಿಂದ ಶುರುವಾಗುವ ನಂಬರು ಕೇರಿಯ ಜಾಗದ್ದೂ ಆಗಿತ್ತು. ಬೇಲಿ ಹಾಕಿದವರ ಹೊಲದ್ದೂ ಆಗಿತ್ತು.

"ಒಂದೀಟು ಅಂದಾಜರ ಹೇಳ್ರಿ ಸರ್" ಎಂದೆ.

"ಅಂದಾಜು ನಿನಗೂ ಐತಿ, ನನಗೂ ಐತಿ. ಜಾಗಾ ಅವರದ ಅಂತ ನನ್ನ ಮನಸ ಹೇಳ್ತೈತಿ. ಪುಟ ಹೇಳವಲ್ದು."

ಮರುವಾರ ಯಶೋದಕ್ಕ ಕೇರಿಯ ಪರವಾಗಿದ್ದ ವಕೀಲರನ್ನು ಕರೆದುಕೊಂಡು ಬಂದಳು. ವಕೀಲರ ಮುಖ ಅರಳಿತ್ತು. ಮೊಬೈಲಿನ ಒಂದು ಆ್ಯಪ್‌ಗೆ ಆ ಚಿತ್ರ ಕೊಟ್ಟು, ಹಿಂಬದಿಯ ಬರಹ ತೆಗೆದುಹಾಕು ಎಂದಿದ್ದರಂತೆ. ಅವರು ತಂದ ಪ್ರಿಂಟು ನೋಡಿ ನಾನೂ ನಂಬಿಬಿಟ್ಟೆ. ಅಷ್ಟು ಚೊಕ್ಕಟ. ಹಳೆಯ ಕಾಗದದ ಬಣ್ಣ, ಹಳೆಯ ಕೈಬರಹ, ನಡುವೆ ಸರ್ವೆ ನಂಬರು. ಕೇರಿಯ ಜಾಗದ ನಂಬರೇ.

"ಐದ ಮಿನಿಟಿನ್ಯಾಗ ಬಂತ್ರಿ ಸರ. ನೀವು ಮೂರು ತಿಂಗಳು ಕುಂತ್ರಿ" ಎಂದು ವಕೀಲರು ನಕ್ಕರು. "ಇನ್ನೇನಿಲ್ಲ, ಶಾಸ್ತ್ರದ ಪ್ರಕಾರ ಬ್ಯಾರೆ ಮಾಡಿದ್ದು ಅಂತ ನೀವೊಂದು ಪತ್ರ ಬರದು ಸಹಿ ಮಾಡಿದ್ರ ಮುಗೀತು."

ಸರ್ ಪ್ರಿಂಟನ್ನು ಬೆಳಕಿಗೆ ಹಿಡಿಯಲಿಲ್ಲ. "ಇನ್ನೊಮ್ಮೆ ಹಾಕ್ರಿ, ನನ್ನ ಮುಂದ" ಎಂದರು. ವಕೀಲರು ಹಾಕಿದರು. ಮತ್ತೊಂದು ಚೊಕ್ಕಟ ಪುಟ ಬಂತು. ನಂಬರು ಬೇರೆ. ಮೂರನೆಯ ಸಲ ಹಾಕಿಸಿದರು. ಇನ್ನೊಂದು ನಂಬರು. ಆ ಊರಿನಲ್ಲಿ ಅಂಥ ಸರ್ವೆ ನಂಬರೇ ಇರಲಿಲ್ಲ.

"ಇದು ಓದಿದ್ದಲ್ರಿ ವಕೀಲ್ರ. ಬರದದ್ದು" ಎಂದರು ಸರ್.

"ಮೂರರಾಗ ಒಂದು ನಮ್ದ ಐತಲ್ರಿ. ನಮಗ ಅಷ್ಟ ಸಾಕು."

"ನಾಳೆ ಅವರೂ ಇದರಾಗ ಹಾಕಿ ಅವರ ನಂಬರ್ ತಗಸ್ತಾರ. ಆಗ ನಾ ಏನ ಹೇಳ್ಲಿ?"

"ಅವರು ತಗಸೂದರಾಗ ನಾವ ಹೋಗೂಣು. ಮೊದಲ ಹೋದಾಂವಗ ಮೊದಲ ಸೀಟು, ನಮ್ಮ ಬಸ್ ಸ್ಟ್ಯಾಂಡಿನ ಕಾಯ್ದೆ."

ಯಶೋದಕ್ಕ ಅಷ್ಟು ಹೊತ್ತೂ ನಿಂತೇ ಇದ್ದಳು. ಕುಳಿತುಕೋ ಎಂದರೂ ಕುಳಿತಿರಲಿಲ್ಲ. "ಸರ, ಒಂದ ಸಹಿ" ಎಂದಳು. "ಜಾಗಾ ನಮ್ದ ಅಂತ ನಿಮಗ ಗೊತ್ತೈತಿ. ಈ ತಂಗಿಗೆ ಗೊತ್ತೈತಿ. ಬೇಲಿ ಹಾಕಿದಾಂವಗೂ ಗೊತ್ತೈತ್ರಿ. ಎಲ್ಲಾರಿಗೂ ಗೊತ್ತಿದ್ದದ್ದನ್ನ ಬರದ್ರ ಸುಳ್ಳ ಹ್ಯಾಂಗ ಆಗ್ತೈತ್ರಿ?"

ಸರ್ ಪ್ರಿಂಟನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟರು. ಪಾಠ ಹೇಳುವಾಗ ಅವರು ಹೀಗೆ ತಡವರಿಸಿದ್ದನ್ನು ನಾನು ನೋಡಿರಲಿಲ್ಲ. "ಜಾಗಾ ನಿಮ್ದು ಅಂತ ಬರೀ ಅಂದ್ರ ಈಗ ಬರೀತೇನವಾ, ನನಗ ಹಂಗ ಅನಸ್ತೈತಿ ಅಂತ. ಆದ್ರ ಪುಟದಾಗ ಕಂಡೇನಿ ಅಂತ ಬರೀ ಅಂದ್ರ, ಕಂಡಿಲ್ಲಲಾ" ಎಂದರು.

"ನಿಮಗ ಅನಿಸಿದ್ದಕ್ಕ ಕೋರ್ಟಿನ್ಯಾಗ ಬೆಲಿ ಇಲ್ರಿ" ಎಂದು ವಕೀಲರು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಯಶೋದಕ್ಕನಿಗೆ ಹೇಳಿದ್ದು ನಮಗೂ ಕೇಳಿಸಿತು: "ದೊಡ್ಡ ಸತ್ಯವಂತರ ಮನಿಗೆ ಬಂದೇವಿ ನಡಿ."

ಅಂದಿನಿಂದ ಸರ್ ಹೆಂಡತಿ ನನ್ನ ಮುಂದೆ ಗಂಡನನ್ನು ಗೇಲಿ ಮಾಡುವುದನ್ನು ಬಿಟ್ಟರು.

ಕೋರ್ಟು ಸರ್‌ರನ್ನು ಕರೆಸಿತು. ಕೇರಿಯವರು ತಜ್ಞರನ್ನು ಕೇಳಿದ್ದರಂತೆ, ಆ ತಜ್ಞರೇ ಬಂದು ಹೇಳಲಿ ಎಂದು ಎದುರು ಪಕ್ಷದವರು ಅರ್ಜಿ ಹಾಕಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಎರಡು ಪೆನ್ನು. ಕಟಕಟೆಯಲ್ಲಿ ನಿಂತು ಜೋಳ, ಸಜ್ಜೆಯ ಮಾತನ್ನೇ ಹೇಳಲು ಶುರು ಮಾಡಿದರು. ಎದುರು ಪಕ್ಷದ ವಕೀಲರು ತಡೆದರು.

"ಅಷ್ಟೆಲ್ಲಾ ಬ್ಯಾಡ್ರಿ. ಬ್ಯಾರೆ ಮಾಡಾಕ ಬರ್ತೈತೋ ಇಲ್ಲೋ?"

"ಬರೂದಿಲ್ಲ."

"ಮುಂದ ಎಂದರ?"

"ಈ ಚಿತ್ರದಿಂದ ಎಂದೂ ಬರೂದಿಲ್ಲ. ಅದರಾಗ ಇಲ್ಲದ್ದನ್ನ ತಗಿಯಾಕ ಆಗೂದಿಲ್ಲ."

"ಹಿಂಗ ಆಗಾಕ ಕಾರಣ ಏನು?"

"ಸ್ಕ್ಯಾನ್ ಮಾಡಿದ ರೀತಿ."

"ಯಾರು ಮಾಡಿದ್ದು?"

ಸರ್ ನನ್ನ ಕಡೆ ತಿರುಗಲಿಲ್ಲ. "ಅದು ಚಿತ್ರದಾಗ ಬರದಿಲ್ಲ" ಎಂದರು.

ಅದು ಸುಳ್ಳಲ್ಲ. ಆದರೆ ಒಂದು ಪ್ರಶ್ನೆಗೆ ಗೊತ್ತಿದ್ದೂ ಅವರು ಉತ್ತರ ಕೊಡದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಎದ್ದು ನಿಲ್ಲಬಹುದಿತ್ತು. ನಿಂತಿದ್ದರೂ ಪುಟ ಬೇರೆಯಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಮಾತು ನಿಜವೇ. ಅದರಿಂದ ಏನೂ ಹಗುರಾಗಲಿಲ್ಲ.

ಜಾಗ ಕೇರಿಗೆ ಸೇರಿದ್ದೆಂದು ತೋರಿಸುವ ದಾಖಲೆ ಇಲ್ಲ ಎಂದು ತೀರ್ಪು ಬಂತು. ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದರು ಕೇರಿಯ ವಕೀಲರು. ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ.

ಏಳು ವಾರಕ್ಕೆ ಯಶೋದಕ್ಕನ ತಾಯಿ ತೀರಿಕೊಂಡಳು. ಸುದ್ದಿ ತಿಳಿದು ಸರ್, "ನಡಿ, ಹೋಗೂಣು" ಎಂದರು. ಬೇಡ ಎನ್ನಬೇಕೆಂದುಕೊಂಡೆ, ಆಗಲಿಲ್ಲ. ನಾವು ಹೋಗುವ ಹೊತ್ತಿಗೆ ಊರ ಹೊರಗೆ ಕಾಲುವೆಯ ಮಗ್ಗುಲಲ್ಲಿ ಕುಣಿ ತೋಡಿದ್ದರು. ಮೊರಂ ನೆಲ, ಎರಡು ಅಡಿ ಇಳಿಯುವುದರಲ್ಲಿ ಹಾರೆ ಕಲ್ಲಿಗೆ ತಾಗುತ್ತಿತ್ತು. ಅದೂ ಅವರ ಜಾಗವಲ್ಲ. ನೀರಾವರಿಯವರು ಬಂದು ತಕರಾರು ಮಾಡುವುದರೊಳಗೆ ಮುಗಿಸಬೇಕು ಎಂದು ಎಲ್ಲರಿಗೂ ಅವಸರ. ಬುದ್ಧವಂದನೆಯನ್ನೂ ಅವಸರದಲ್ಲೇ ಹೇಳಿದರು. ದೂರದಲ್ಲಿ ತಂತಿ ಬೇಲಿ ಕಾಣುತ್ತಿತ್ತು. ಅದರಾಚೆಗೆ ಯಶೋದಕ್ಕನ ಅಪ್ಪನಿದ್ದ ಕಡೆ ತೊಗರಿ ಬಿತ್ತಿದ್ದರು.

ಮಣ್ಣು ಎಳೆದಾದ ಮೇಲೆ ಯಶೋದಕ್ಕ ಕೈ ತೊಳೆದುಕೊಂಡು ಸರ್ ಮುಂದೆ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಅಳುತ್ತಿರಲಿಲ್ಲ.

"ಸರ, ನೀವು ಒಂದ ಸುಳ್ಳ ಹೇಳಿದ್ರ ನಮ್ಮವ್ವ ಇವತ್ತ ನಮ್ಮಪ್ಪನ ಬಾಜೂಕ ಇರ್ತಿದ್ಲು. ನಿಮ್ಮ ಕೈಯಾರೆ ಆಕಿನ್ನ ಹೊರಗ ಹಾಕಿದ್ರಿ."

"ಹೌದವಾ" ಎಂದರು ಸರ್.

ಅಷ್ಟೇ. ಏಕೆ, ಹೇಗೆ ಎಂದು ವಿವರಿಸಲಿಲ್ಲ. ನನ್ನ ಕಡೆ ಕೈ ತೋರಿಸಲಿಲ್ಲ. ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಕೊಟ್ಟ ಟಿಕೀಟನ್ನು ನೋಡದೆ ಜೇಬಿಗೆ ಹಾಕಿಕೊಂಡರು.

ಆಮೇಲೆ ನಾನು ಅವರ ಮನೆಗೆ ಹೋದದ್ದು ಮೂರೋ ನಾಲ್ಕೋ ಸಲ. ಲ್ಯಾಪ್‌ಟಾಪ್ ಮುಚ್ಚಿರುತ್ತಿತ್ತು. ಇಂಡಿಯವೇ ಇನ್ನೂ ಎಷ್ಟೋ ಪುಟಗಳು ಇದ್ದವು. ಬೂದು ಬಣ್ಣದಲ್ಲಿ ತೆಗೆದವು, ಬೇರೆ ಮಾಡಲು ಬರುವಂಥವು. ತರಲೇ ಎಂದು ಕೇಳಿದೆ. "ಯಾರರೆ ಸಣ್ಣ ವಯಸ್ಸಿನವ್ರಿಗೆ ಕೊಡವಾ" ಎಂದರು. ಕೊಡಲು ನನಗೆ ಯಾರೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಸರ್ ಹೆಂಡತಿ ಒಮ್ಮೆ ಅಡಿಗೆಮನೆಗೆ ಕರೆದು, "ಏನಾಗೇತಿ ಇವರಿಗೆ? ನಿನಗ ಗೊತ್ತೈತೇನು?" ಎಂದು ಕೇಳಿದರು. "ಗೊತ್ತಿಲ್ರಿ ಅಮ್ಮಾರ" ಎಂದೆ. ಸರ್ ನನಗೆ ಹೇಳಿದ ಒಂದು ಮಾರ್ಕಿನ ಉತ್ತರವನ್ನು ನಾನು ಹೀಗೂ ಬಳಸಿದ್ದೇನೆ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರನ್ನು ಅವರ ಸ್ವಂತ ಹೊಲದಲ್ಲಿ, ನಿಂಬೆ ಗಿಡಗಳ ನಡುವೆ ಸಮಾಧಿ ಮಾಡಿದರು. ನಾವು ಹಳೆಯ ವಿದ್ಯಾರ್ಥಿಗಳು ಒಂದಿಪ್ಪತ್ತು ಜನ ಹೋಗಿದ್ದೆವು. ನಾಲ್ಕು ಜನ ಅವರ ಬಗ್ಗೆ ಮಾತನಾಡಿದರು. ನನ್ನನ್ನೂ ಕೇಳಿದರು. ಬೇಡ ಎಂದು ಹಿಂದಕ್ಕೆ ಸರಿದೆ.

ಹೋದ ತಿಂಗಳು ನಾನೊಬ್ಬಳೇ ಯಶೋದಕ್ಕನ ಊರಿಗೆ ಹೋದೆ. ಶಾಲೆಯಲ್ಲಿ ಮಕ್ಕಳ ಊಟ ಮುಗಿದಿತ್ತು. ಅವಳು ಹಿಂದುಗಡೆ ನಳದ ಕೆಳಗೆ ದೊಡ್ಡ ಪಾತೇಲಿ ತಿಕ್ಕುತ್ತಿದ್ದಳು. ಕಪ್ಪು-ಬಿಳುಪಿನ ಗುರುತು ಹಾಕಿದ್ದು ನಾನು, ಸರ್ ಕೇಳಿದಾಗ ಸುಳ್ಳು ಹೇಳಿದ್ದು ನಾನು, ಆಗ ವಹಿ ಇತ್ತು, ಮತ್ತೆ ತೆಗೆದಿದ್ದರೆ ನಂಬರು ಸಿಗುತ್ತಿತ್ತು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೇಳಿದಳು.

"ಇದು ಸರಗ ಗೊತ್ತಿತ್ತೇನು?"

"ಗೊತ್ತಿತ್ತಕ್ಕಾ. ನೀ ಮೊದಲನೇ ಸಲ ಬಂದ ದಿನಾನ ಗೊತ್ತಾಗಿತ್ತು."

"ಕಾಲುವಿ ಮ್ಯಾಗ ನಾ ಅವರಿಗೆ ಅಂದದ್ದು ನೀ ಕೇಳಿದ್ದಿ."

"ಕೇಳಿದ್ದೆ."

"ಬಾಜೂಕ ನಿಂತಿದ್ದಿ."

"ನಿಂತಿದ್ದೆ."

ಅವಳು ಪಾತೇಲಿಯನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. "ನಮ್ಮವ್ವನ ಜಾಗಾ ಹೋತು. ನೀ ಹೇಳಿದ್ದು ನನಗ ಅರ್ಧಾ ತಿಳೀತು, ಅರ್ಧಾ ತಿಳೀಲಿಲ್ಲ. ತಿಳದ್ರೂ ಅಕಿ ಎದ್ದು ಆ ಕಡೆ ಹೋಗೂದಿಲ್ಲ. ಆದ್ರ ಆ ಮನಷ್ಯಾಗ ನಾ ಅಂಥಾ ಮಾತ ಅಂದೆ. ಅಂವ ಹೌದು ಅಂದ. ಅದನ್ನ ಈಗ ಯಾರ ಮುಂದ ಹಿಂದಕ್ಕ ತಗೋಳ್ಲಿ?"

ಆಮೇಲೆ ಅವಳೇ ಕೇಳಿದಳು, ಸರ್‌ರನ್ನು ಎಲ್ಲಿ ಇಟ್ಟಿದ್ದಾರೆ ಎಂದು. ಹೇಳಿದೆ. ಇಲ್ಲಿಂದ ಯಾವ ಬಸ್ಸು, ಎಲ್ಲಿ ಇಳಿದು ಎಷ್ಟು ನಡೆಯಬೇಕು ಎಂದು ಕೇಳಿದಳು. ಅದನ್ನೂ ಹೇಳಿದೆ. ಐತವಾರ ಸಾಲಿ ಸೂಟಿ, ಅವತ್ತು ಹೋಗುತ್ತೇನೆ ಎಂದಳು.

"ದಾರಿ ತೋರಸಾಕ ನಾನೂ ಬರ್ತೇನಕ್ಕಾ" ಎಂದೆ.

ಅವಳು ಪಾತೇಲಿ ಎತ್ತಿಕೊಂಡು ಒಳಗೆ ಹೋಗುತ್ತ, ತಿರುಗಿ ನೋಡದೆ ಹೇಳಿದಳು.

"ನೀ ಬರಬ್ಯಾಡ."